ಜಾಂಬಳವಾಡಿಗೆ ಮಂಜೂರಾದ ಹಾಳುಬಾವಿ

ಭಾಲ್ಕಿ ತಾಲ್ಲೂಕಿನ ಜಾಂಬಳವಾಡಿ ಗ್ರಾಮದ ಮೆಟ್ಟಿಲಬಾವಿಯಲ್ಲಿ ಸ್ವಚ್ಛವಾದ ನೀರಿದೆ ಎಂಬ ದೂರು ಮಾರ್ಚ್ ತಿಂಗಳ ಎರಡನೆಯ ಸೋಮವಾರ ಬೀದರಿನ ಕಚೇರಿಗೆ ಬಂದು ತಲುಪಿತು.

ದೂರು ಕೊಟ್ಟವರು ಅದೇ ಊರಿನ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ ಸಲೋಮಿ. ನಿಜ ಹೇಳಬೇಕೆಂದರೆ ಅವರು ಕೊಟ್ಟದ್ದು ದೂರಲ್ಲ, ಅರ್ಜಿ. ಆದರೆ ಕಚೇರಿಯ ಆವಕ ಪುಸ್ತಕದಲ್ಲಿ ಇದ್ದವು ಎರಡೇ ಕಲಮುಗಳು: ಒಂದು 'ಹಾಳಾದ ಸ್ಥಳಗಳ ಅರ್ಜಿ', ಇನ್ನೊಂದು 'ದೂರು'. ಸಲೋಮಿಯವರ ಬಾವಿ ಹಾಳಾಗಿರಲಿಲ್ಲವಾದ್ದರಿಂದ ಅವರ ಕಾಗದ ಎರಡನೆಯ ಕಲಮಿಗೆ ಹೋಯಿತು. ಇದರಲ್ಲಿ ಯಾರ ತಪ್ಪೂ ಇಲ್ಲ.

ಸಲೋಮಿಯವರಿಗೆ ನಲವತ್ತಾರು ವರ್ಷ. ತಾಯಿ ಮಿಷನ್ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಮಗಳು ಭಾಲ್ಕಿಯಲ್ಲಿ ಮನೆ ಮಾಡಿಕೊಂಡು ದಿನಾ ಬೆಳಿಗ್ಗೆ ಖಟಕ ಚಿಂಚೋಳಿ ಬಸ್ಸು ಹತ್ತಿ, ಕ್ರಾಸಿನಲ್ಲಿ ಇಳಿದು, ಒಂದೂವರೆ ಕಿಲೋಮೀಟರು ನಡೆದು ಶಾಲೆ ಸೇರುವರು. ಮೂರು ವರ್ಷದ ಹಿಂದೆ ಎಂಟನೆಯ ತರಗತಿಗೆ ಕಪ್ಪೆಯ ಜೀವನಚಕ್ರ ಕಲಿಸುವಾಗ, ಚಿತ್ರ ತೋರಿಸುವ ಬದಲು ಗೊದಮೊಟ್ಟೆಯನ್ನೇ ತೋರಿಸೋಣವೆಂದು ಮಕ್ಕಳನ್ನು ಊರ ಹೊರಗಿನ ಮೆಟ್ಟಿಲಬಾವಿಗೆ ಕರೆದುಕೊಂಡು ಹೋದರು. ಬಾವಿಯಲ್ಲಿ ಗೊದಮೊಟ್ಟೆ ಇರಲಿಲ್ಲ. ಮುರಿದ ಮಂಚ, ಹನ್ನೊಂದು ಒಂಟಿ ಚಪ್ಪಲಿ, ಮೋಟಾರ್ ಸೈಕಲ್ಲಿನ ಟಯರು, ಲೆಕ್ಕವಿಲ್ಲದಷ್ಟು ಬಾಟಲಿ ಇದ್ದವು. ಇವು ಪಠ್ಯದಲ್ಲಿ ಇರಲಿಲ್ಲವಾದ್ದರಿಂದ ಮಕ್ಕಳು ಅವನ್ನು ಒಂದೊಂದಾಗಿ ಹೊರಗೆ ಹಾಕತೊಡಗಿದರು.

ಎರಡು ಬೇಸಿಗೆ ಹಿಡಿಯಿತು. ಕುರಿ ಸಾಕುವ ಮಡೆಪ್ಪ ಹಗ್ಗ ಕೊಟ್ಟ. ಹೂಳು ಎಲ್ಲಿಂದ ತೆಗೆದರೆ ಸೆಲೆ ಬಿಚ್ಚುತ್ತದೆಂದು ದಂಡೆಯ ಮೇಲೆ ಕೂತು ಹೇಳಿದ. ಅವನ ಮಗಳು ಮಲ್ಲೇಶ್ವರಿ, ಆಗಿನ್ನೂ ಆರನೆಯ ತರಗತಿಯವಳು, ಎಲ್ಲರಿಗಿಂತ ಮೊದಲು ಇಳಿದು ಎಲ್ಲರಿಗಿಂತ ಕಡೆಗೆ ಹತ್ತುತ್ತಿದ್ದಳು. ಸೆಲೆ ಬಿಚ್ಚಿತು. ನೀರು ಬಂತು, ನೀರಿನ ಹಿಂದೆ ಕಪ್ಪೆ ಬಂದವು, ಕಪ್ಪೆಯ ಹಿಂದೆ ಹಾವು ಬಂತು, ಬಾವಿಯ ಮೇಲೆ ಬಾಗಿದ ಜಾಲಿಗೆ ಗೀಜಗ ಗೂಡು ಕಟ್ಟಿತು. ಮಡೆಪ್ಪನ ಎಪ್ಪತ್ತು ಕುರಿ ಮೇಲಿನ ಕಲ್ಲುಬಾನಿಯಲ್ಲಿ ನೀರು ಕುಡಿಯತೊಡಗಿದವು. ಮಕ್ಕಳು ಇದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟರು. ಈ ಅವಧಿಯಲ್ಲಿ ಯಾವ ಇಲಾಖೆಯೂ ಅವರಿಗೆ ತೊಂದರೆ ಕೊಡಲಿಲ್ಲ.

ತೊಂದರೆ ಕೊಟ್ಟದ್ದು ಗೋಡೆ. ಈ ವರ್ಷ ಪೂರ್ವದ ಕಡೆಯ ಗೋಡೆ ಹೊಟ್ಟೆ ಬಿಟ್ಟಿತು. ಫೆಬ್ರವರಿಯಲ್ಲಿ ಒಂದು ದಿನ ಮಲ್ಲೇಶ್ವರಿ ನೀರಿನ ಆಳ ಅಳೆಯುತ್ತಿದ್ದಾಗ ತೆಂಗಿನಕಾಯಿ ಗಾತ್ರದ ಕಲ್ಲೊಂದು ಅವಳಿಗೆ ಒಂದು ಮೊಳ ದೂರಕ್ಕೆ ಬಿತ್ತು. ಹುಡುಗಿ ಮೇಲೆ ನೋಡಿ ನಕ್ಕಳು. ಸಲೋಮಿಯವರಿಗೆ ನಗು ಬರಲಿಲ್ಲ. ಅಂದೇ ಮಕ್ಕಳು ಬಾವಿಗೆ ಇಳಿಯಬಾರದೆಂದು ಹೇಳಿದರು. ಮಡೆಪ್ಪ ಗೋಡೆಗೆ ಕಿವಿ ಹಚ್ಚಿ, ಬೆರಳಿನಿಂದ ಬಡಿದು, "ಮಳಿ ಹತ್ತೂದ್ರಾಗ ಗೌಂಡಿ ಕೈ ಬೀಳಬೇಕ್ರಿ ಟೀಚರಬಾಯಿ. ಇಲ್ಲಾಂದ್ರ ಮೊದಲ್ನೇ ಮಳಿಗೇ ಇದು ಒಳಗ ಕೂಡ್ತದ. ಆಮ್ಯಾಲ ನೀರೂ ಇಲ್ಲ, ಬಾವಿನೂ ಇಲ್ಲ," ಎಂದ.

ಗೋಡೆ ಕಟ್ಟುವ ಗೌಂಡಿಗೆ ಹತ್ತು ದಿನದ ಕೆಲಸ. ಊರಿನಲ್ಲಿ ಕೇಳಿದರೆ ಬಾವಿ ಸರ್ಕಾರದ್ದು ಎಂದರು. ಸರ್ಕಾರದಲ್ಲಿ ಕೇಳಿದರೆ ಬಾವಿ ಊರಿನದು ಎಂದರು. ಅಷ್ಟರಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು: 'ಗ್ರಾಮೀಣ ಯುವಜನರ ಕೈಯಾರೆ ನಿಸರ್ಗ ಸಂರಕ್ಷಣಾ ಶಿಕ್ಷಣ ಅನುದಾನ ಯೋಜನೆ'. ಪೂರ್ತಿ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ತಪ್ಪುತ್ತದೆಂದು ಜನ ಅದನ್ನು ಕೈಯಾರೆ ಯೋಜನೆ ಎಂದು ಕರೆಯುತ್ತಿದ್ದರು. ಹಳ್ಳಿಯ ಮಕ್ಕಳು ಪುಸ್ತಕದಿಂದಲ್ಲ, ತಮ್ಮ ಕೈಯಿಂದಲೇ ನಿಸರ್ಗ ಉಳಿಸುವುದನ್ನು ಕಲಿಯಬೇಕು. ಅದಕ್ಕೆ ಹಣ ಕೊಡಲಾಗುವುದು ಎಂದು ಅದರಲ್ಲಿತ್ತು. ಸಲೋಮಿಯವರು ಅದನ್ನು ಎರಡು ಸಲ ಓದಿದರು. ತಮ್ಮ ಮಕ್ಕಳನ್ನು ನೋಡಿಯೇ ಯಾರೋ ಬರೆದಂತಿತ್ತು.

ಯೋಜನೆಯ ಜಿಲ್ಲಾ ಕೋಶ ಬೀದರಿನಲ್ಲಿ ಒಂದು ಬಾಡಿಗೆ ಮನೆಯ ಮಾಳಿಗೆಯ ಮೇಲಿತ್ತು. ಸಂಯೋಜಕರು ಆಶೀಶ ಎಂಬ ಮೃದು ಮಾತಿನ, ಇಸ್ತ್ರಿ ಅಂಗಿಯ ಯುವಕರು. ಕೆಟ್ಟವರಲ್ಲ. ಯೋಜನೆಯ ಕೈಪಿಡಿಯನ್ನು ಅವರು ಬರೆದಿರಲಿಲ್ಲ, ಓದಿದ್ದರು; ಅಷ್ಟೇ.

"ಮೇಡಂ, ನಿಮ್ಮ ಕೆಲಸ ನೋಡಿ ಭಾಳ ಖುಷಿ ಆತ್ರಿ," ಎಂದು ಅವರು ಮಕ್ಕಳ ನೋಟುಬುಕ್ಕನ್ನು ಎರಡೂ ಕೈಯಿಂದ ಹಿಡಿದು ಹೇಳಿದರು. "ಆದ್ರ ಇಲ್ಲಿ ನೋಡ್ರಿ, ಕಲಮು ಒಂಬತ್ತು. ಹಾಳಾದ ಪ್ರಮಾಣ ಶೇಕಡಾ ಎಷ್ಟು? ನೀವು 'ಇಲ್ಲ' ಅಂತ ಬರ್ದೀರಿ."

"ಗ್ವಾಡಿ ಒಂದು ಹೊಟ್ಟಿ ಬಿಟ್ಟದ್ರಿ ಸರ್. ನೀರು ಚಲೋ ಅದ."

"ಅದೇ ತಕರಾರು. ನಿಯಮ ಏಳರ ಪ್ರಕಾರ ಕಮ್ಮಿ ಅಂದ್ರ ಶೇಕಡಾ ಅರವತ್ತು ಹಾಳಾಗಿರಬೇಕು. ಚಲೋ ಇದ್ದದ್ದನ್ನ ನಾವು ಏನಂತ ಉಳಸೋಣ್ರಿ? ಮಕ್ಕಳಿಗರ ಏನು ಕಲಸೋಣು?"

"ಮಕ್ಕಳು ಕಲ್ತಾರ್ರಿ ಸರ್. ಅವರೇ ಉಳಿಸ್ಯಾರ."

ಆಶೀಶರ ಮುಖದಲ್ಲಿ ನಿಜವಾದ ದುಃಖ ಕಾಣಿಸಿತು. "ಅದನ್ನ ಬರಹದಾಗ ಕೊಡಬ್ಯಾಡ್ರಿ ಮೇಡಂ. ಮಂಜೂರಾತಿಗಿಂತ ಮೊದಲೇ ಸಂರಕ್ಷಣೆ ಆಗ್ಯಾದ ಅಂತ ಗೊತ್ತಾದ್ರ ಆಡಿಟ್ ತಕರಾರು ಬರ್ತದ."

ಹೊರಗೆ ಬಂದಾಗ ವಿಷಯ ನಿರ್ವಾಹಕಿ ಖುರ್ಷಿದ ಬೇಗಂ ಅವರು ಸಲೋಮಿಯವರನ್ನು ಕರೆದು ಚಹಾ ತರಿಸಿದರು. ಮೂವತ್ತು ವರ್ಷ ಆರು ಇಲಾಖೆಗಳಲ್ಲಿ ಕಡತ ಹೊಲಿದ ಕೈ ಅದು. "ಪರೇಶಾನ್ ಆಗಬ್ಯಾಡ್ರಿ ಮೇಡಂ," ಎಂದರು. "ಪಂಚಾಯತಿಯಿಂದ ಹಾಳು ಪ್ರಮಾಣಪತ್ರ ತರ್ರಿ. ಬಾವಿ ಹಾಳಾಗೂದು ಬ್ಯಾರೆ, ಪ್ರಮಾಣಪತ್ರ ಬ್ಯಾರೆ."

ಪಂಚಾಯತಿ ಅಧ್ಯಕ್ಷೆ ಲಲಿತಾಬಾಯಿಗೆ ಮೊದಲು ಸಿಟ್ಟು ಬಂತು. "ನಮ್ಮೂರ ಬಾವಿ ಹೊಲಸ ಅದ ಅಂತ ನನ್ನ ಕೈಲೇ ಬರಿಸ್ತೀರೇನ್ರಿ ಟೀಚರ್? ಹಲಬರ್ಗಾದಾಗ ನನ್ನ ತವರುಮನಿ ಅದ. ಅವರ ಕಿವಿಗಿ ಬಿದ್ರ ನಾ ಮುಖ ಹ್ಯಾಂಗ ತೋರಸ್ಲಿ?" ಹಾಳಿಲ್ಲದಿದ್ದರೆ ಅನುದಾನ ಬೇರೆ ಊರಿಗೆ ಹೋಗುತ್ತದೆ ಎಂದು ತಿಳಿದ ಮೇಲೆ ಸಹಿ ಹಾಕಿದರು. ಶೇಕಡಾ ಅರವತ್ತು ಎಂದು ಬರೆಯುವಲ್ಲಿ, ಊರಿನ ಘನತೆಗೆ ಕಮ್ಮಿಯಾಗಬಾರದೆಂದು ಎಪ್ಪತ್ತೆರಡು ಬರೆದರು.

ಏಪ್ರಿಲ್ ಮೊದಲ ವಾರ ತಪಾಸಣಾ ತಂಡ ಬಂತು. ಬಿಸಿಲು ಜೋರಾಗಿತ್ತು. ತಂಡದ ಮೂವರೂ ಬಾವಿಯ ನೀರು ಕುಡಿದರು, ಮುಖ ತೊಳೆದುಕೊಂಡರು, ಎರಡು ಬಾಟಲಿ ತುಂಬಿಕೊಂಡರು. ಆಮೇಲೆ ಜಾಲಿಯ ನೆರಳಿನಲ್ಲಿ ಕೂತು, ಪ್ರಮಾಣಪತ್ರಕ್ಕೂ ವಸ್ತುಸ್ಥಿತಿಗೂ ತಾಳೆಯಾಗುವುದಿಲ್ಲ ಎಂದು ವರದಿ ಬರೆದರು.

ಅದೃಷ್ಟವಶಾತ್ ಇಂಥ ಸಂದರ್ಭವನ್ನು ಕೈಪಿಡಿ ಮೊದಲೇ ಊಹಿಸಿತ್ತು. ನಿಯಮ ಹನ್ನೊಂದು ಹೀಗಿದೆ: 'ದಾಖಲೆಗೂ ವಸ್ತುಸ್ಥಿತಿಗೂ ವ್ಯತ್ಯಾಸ ಕಂಡುಬಂದಲ್ಲಿ, ಹದಿನೈದು ದಿನಗಳೊಳಗಾಗಿ ವಸ್ತುಸ್ಥಿತಿಯನ್ನು ಸರಿಪಡಿಸತಕ್ಕದ್ದು.' ಇದಕ್ಕಾಗಿ ಪೂರ್ವಸಿದ್ಧತಾ ಅನುದಾನವೆಂಬ ಒಂದು ಬಾಬತ್ತೂ ಇತ್ತು. ಆಶೀಶರು ತಾವೇ ಫೋನು ಮಾಡಿ ಸಂತೋಷದಿಂದ ತಿಳಿಸಿದರು: "ಕಸ ನಾವೇ ಕಳಸ್ತೇವ್ರಿ ಮೇಡಂ. ನಿಮಗ ಒಂದ್ ರೂಪಾಯಿ ಖರ್ಚಿಲ್ಲ."

ಕಸಕ್ಕೆ ಟೆಂಡರು ಕರೆಯಲಾಯಿತು. ಕನಿಷ್ಠ ಶೇಕಡಾ ನಲವತ್ತು ಪ್ಲಾಸ್ಟಿಕ್ ಇರಬೇಕು, ಕಸ ಜಿಲ್ಲೆಯದೇ ಆಗಿರಬೇಕು ಎಂಬ ಷರತ್ತುಗಳಿದ್ದವು. ಗುತ್ತಿಗೆದಾರ ಭಾಲ್ಕಿಯಿಂದ ಮೂರು ಟ್ರಾಕ್ಟರು ಕಳಿಸಬೇಕಾದಲ್ಲಿ ಎರಡು ಕಳಿಸಿದ. ಅದರಲ್ಲೂ ಮಣ್ಣು ಬೆರೆಸಿದ್ದಾನೆಂದು ಆಮೇಲೆ ಗುಣಮಟ್ಟದ ತನಿಖೆ ನಡೆಯಿತು. ಅದು ಬೇರೆ ಕಡತ.

ಟ್ರಾಕ್ಟರು ಬಂದ ದಿನ ಮಡೆಪ್ಪ ಬಾವಿಯ ಬಾಯಿಗೆ ಅಡ್ಡ ನಿಂತಿದ್ದ. ಎಪ್ಪತ್ತು ಕುರಿ ಅವನ ಹಿಂದೆ ನಿಂತಿದ್ದವು. "ಟೀಚರಬಾಯಿ, ಇದು ಖರೇನೇನ್ರಿ? ನೀವೇ ಹೇಳಿ ತರ್ಸೀರಂತ?"

ಸಲೋಮಿಯವರಿಗೆ ತಲೆ ಎತ್ತಲಾಗಲಿಲ್ಲ. "ಗ್ವಾಡಿ ಕಟ್ಟಿಸಬೇಕಂದ್ರ ಇದೊಂದೇ ದಾರಿ ಅದ ಮಡೆಪ್ಪ."

"ಬಾವಿ ಉಳಸ್ಲಾಕ ಬಾವಿ ಮುಚ್ಚೂದು?"

"ಮುಚ್ಚೂದಿಲ್ಲ. ಒಳಗ ಹಾಕಗೊಡೂದಿಲ್ಲ ನಾನು. ದಂಡಿ ಮ್ಯಾಲ ಹಾಕ್ತಾರ, ಫೋಟೋ ಹೊಡಿತಾರ, ಹೋಗ್ತಾರ."

ದಂಡೆಯೂ ಬಾವಿಯ ವ್ಯಾಖ್ಯೆಯಲ್ಲಿ ಬರುತ್ತದೆಯೇ ಎಂದು ಬೀದರಿಗೆ ಫೋನು ಹೋಯಿತು. ಬರುತ್ತದೆ ಎಂದು ಉತ್ತರ ಬಂತು. ಮಡೆಪ್ಪ ಕುರಿಗಳನ್ನು ಹಿಂದಕ್ಕೆ ಹೊಡೆದುಕೊಂಡು ಹೋದ. ಅವನು ಬೈದಿದ್ದರೆ ಸಲೋಮಿಯವರಿಗೆ ಅಷ್ಟು ನೋಯುತ್ತಿರಲಿಲ್ಲ.

ಫೋಟೋ ತೆಗೆಯುವವರು ಮರುದಿನ ಹನ್ನೊಂದು ಗಂಟೆಗೆ ಬರುವವರಿದ್ದರು. ಬಂದಾಗ ಬಾವಿಯ ದಂಡೆ ಸೆಗಣಿ ಸಾರಿಸಿದ ಅಂಗಳದಂತಿತ್ತು. ಬೆಳಿಗ್ಗೆ ಶಾಲೆಗೆ ಬಂದ ಮಕ್ಕಳು ಕಸ ನೋಡಿದ್ದರು. ಯಾರೋ ಹಾಕಿಹೋಗಿದ್ದಾರೆಂದು ಬೈಯುತ್ತಾ, ಪ್ರಾರ್ಥನೆಯ ಗಂಟೆ ಬಾರಿಸುವ ಮೊದಲೇ ಇಪ್ಪತ್ತಾರು ಜನ ಸೇರಿ ಎರಡು ಟ್ರಾಕ್ಟರು ಕಸವನ್ನು ವಿಂಗಡಿಸಿ, ಪ್ಲಾಸ್ಟಿಕ್ಕನ್ನು ಮೂಟೆ ಕಟ್ಟಿ, ಕೈತೊಳೆದು ಸಾಲಿನಲ್ಲಿ ನಿಂತಿದ್ದರು. ಮಣ್ಣು ಮಾತ್ರ ಚಲೋ ಇತ್ತು, ಅದನ್ನು ಶಾಲೆಯ ಬದನೆಗಿಡಕ್ಕೆ ಹಾಕಿದ್ದರು.

ನಾಲ್ಕನೆಯ ದಿನ ಮಲ್ಲೇಶ್ವರಿ ಮತ್ತು ಇತರ ಇಪ್ಪತ್ತೈದು ಜನರ ಹೆಸರಿಗೆ ನೋಟೀಸು ಬಂತು:

'ತಾವುಗಳು ಸಕ್ಷಮ ಪ್ರಾಧಿಕಾರದ ಅನುಮೋದನೆ ಪಡೆಯದೆ, ನಿಗದಿತ ತರಬೇತಿ ಹೊಂದದೆ, ಕೇವಲ ಕೈಗಳನ್ನು ಬಳಸಿ ಸಂರಕ್ಷಣಾ ಕಾರ್ಯ ನಡೆಸಿರುವುದು ಗಮನಕ್ಕೆ ಬಂದಿರುತ್ತದೆ. ಇದರಿಂದ ಯೋಜನೆಯ ಸ್ವತ್ತಾದ ಕಸಕ್ಕೆ ಹಾನಿಯುಂಟಾಗಿರುತ್ತದೆ. ಈ ಬಗ್ಗೆ ಏಳು ದಿನಗಳೊಳಗಾಗಿ ಸಮಜಾಯಿಷಿ ಸಲ್ಲಿಸತಕ್ಕದ್ದು.'

ಮಲ್ಲೇಶ್ವರಿ ಒಂಬತ್ತನೆಯ ತರಗತಿಯಲ್ಲಿ ಪತ್ರಲೇಖನಕ್ಕೆ ಪೂರ್ತಿ ಅಂಕ ಪಡೆದವಳು. ಉತ್ತರ ಬರೆದಳು: 'ಮಾನ್ಯರೇ, ಆ ಕಸ ತಮ್ಮದೆಂದು ನಮಗೆ ತಿಳಿದಿರಲಿಲ್ಲ. ಅದರ ಮೇಲೆ ಹೆಸರು ಇರಲಿಲ್ಲ. ಇನ್ನು ಮುಂದೆ ಹೀಗಾಗದಂತೆ ದಯವಿಟ್ಟು ಹೆಸರು ಬರೆದು ಕಳಿಸಬೇಕಾಗಿ ವಿನಂತಿ.'

ಸಲೋಮಿಯವರು ಇದು ಉದ್ಧಟತನವಾಗಬಹುದೆಂದು ಹೆದರಿದರು. ಕಚೇರಿ ಅದನ್ನು ಸಲಹೆಯೆಂದು ಸ್ವೀಕರಿಸಿತು. ಎರಡನೆಯ ಕಂತಿನ ಕಸದ ಜೊತೆ ಒಂದು ತಗಡಿನ ಫಲಕ ಬಂತು: 'ಯೋಜನಾ ಕಸ. ಮುಟ್ಟಬಾರದು.' ಮಕ್ಕಳು ಫಲಕವನ್ನು ಮುಟ್ಟದೆ ಅದರ ಸುತ್ತಲಿನದನ್ನು ತೆಗೆದರು.

ಆಶೀಶರು ಮಲ್ಲೇಶ್ವರಿಯನ್ನೂ ಸಲೋಮಿಯವರನ್ನೂ ಬೀದರಿಗೆ ಕರೆಸಿದರು. ಗದರಿಸಲಿಲ್ಲ. ಹುಡುಗಿಗೆ ಬಿಸ್ಕೀಟು ಕೊಟ್ಟು, "ಯಾಕ ಹಿಂಗ ಮಾಡ್ತೀರವಾ?" ಎಂದು ಕೇಳಿದರು.

"ಹೊಲಸ ಕಂಡ್ರ ಕೈ ತಾನೇ ಹೋಗ್ತದ್ರಿ ಸರ್."

ಆಶೀಶರು ಅದನ್ನು ಬರೆದುಕೊಂಡರು. ಬರೆದುಕೊಂಡು ಬಹಳ ಹೊತ್ತು ಯೋಚಿಸಿದರು. "ಇದು ರೂಢಿ ಆಗಿಬಿಟ್ಟದ್ರಿ ಮೇಡಂ. ಇದಕ್ಕ ತರಬೇತಿ ಬೇಕು."

ಹೀಗಾಗಿ ಇಪ್ಪತ್ತಾರು ಮಕ್ಕಳಿಗೆ ಬೀದರಿನ ಒಂದು ಸಭಾಭವನದಲ್ಲಿ ಮೂರು ದಿನದ ತರಬೇತಿ ನಡೆಯಿತು. ವಿಷಯ: 'ಕೈಯಾರೆ ಕಲಿಕೆ'. ಕುರ್ಚಿಗೆ ಬಿಳಿ ಬಟ್ಟೆ ಹೊದಿಸಿದ್ದರಿಂದ ಮಕ್ಕಳು ಕೈ ಕಟ್ಟಿಕೊಂಡು ಕೂಡಬೇಕೆಂದು ಸೂಚನೆಯಿತ್ತು. ಹೊರಗಿನಿಂದ ಬಂದ ತಜ್ಞರು ಪರದೆಯ ಮೇಲೆ ಕೈಯ ಚಿತ್ರ ತೋರಿಸಿ, ಬೆರಳುಗಳ ಉಪಯೋಗ ವಿವರಿಸಿದರು. ಎರಡನೆಯ ದಿನ ಕಪ್ಪೆಯ ಚಿತ್ರ ತೋರಿಸಿದರು. ಅದು ನೆಲಗಪ್ಪೆ, ನೀವು ಹೇಳಿದ ಕಪ್ಪೆ ಅಲ್ಲ ಎಂದು ಮಲ್ಲೇಶ್ವರಿ ಎದ್ದು ಹೇಳಿದಳು. ಪ್ರಶ್ನೋತ್ತರಕ್ಕೆ ಮೂರನೆಯ ದಿನ ಸಮಯವಿದೆ ಎಂದು ಅವಳನ್ನು ಕೂರಿಸಲಾಯಿತು. ಊಟ ಚಲೋ ಇತ್ತು.

ಮೂರನೆಯ ದಿನ ಮಾದರಿ ಸ್ಥಳದ ವೀಕ್ಷಣೆ. ಖುರ್ಷಿದ ಬೇಗಂ ಅವರ ಉಸ್ತುವಾರಿಯಲ್ಲಿ ಬಸ್ಸು ಔರಾದ ಕಡೆ ಹೊರಟಿತು. ಆ ತಾಲ್ಲೂಕಿನ ಒಂದು ಹಳ್ಳಿಯ ನೀರಿನ ಕುಂಟೆ ಅದು. ಶೇಕಡಾ ಎಂಬತ್ತೆಂಟು ಹಾಳಾಗಿ ಜಿಲ್ಲೆಗೆ ಪ್ರಥಮ ಸ್ಥಾನ ಪಡೆದಿತ್ತು. ನಾಲ್ಕು ವರ್ಷದಿಂದ ಸತತವಾಗಿ ಅನುದಾನ ಬರುತ್ತಿತ್ತು. ಸುತ್ತ ತಂತಿಬೇಲಿ, ಬಾಗಿಲಲ್ಲಿ ಬೀಗ, ಬೀಗದ ಪಕ್ಕ ಕೋಲು ಹಿಡಿದ ಕಾವಲುಗಾರ ನೋಹ.

"ಏನು ಕಾಯ್ತೀರಿ ಅಣ್ಣಾರ?" ಎಂದು ಸಲೋಮಿ ಕೇಳಿದರು.

"ಕಸಾ ಕಾಯ್ತೇನ್ರಿ," ಎಂದ ನೋಹ ಹೆಮ್ಮೆಯಿಂದ. "ಚಿಂದಿ ಆಯೋರು ಬರ್ತಾರ, ಭಾಳ ಹುಷಾರಿರಬೇಕ್ರಿ. ನಾಕು ವರ್ಷದಾಗ ಒಂದ್ ಬಾಟ್ಲಿ ಹೋಗಗೊಟ್ಟಿಲ್ಲ ನಾನು."

"ಮಕ್ಕಳು ಬಂದು ಸ್ವಚ್ಛ ಮಾಡೂದಿಲ್ಲೇನು?"

"ಬರ್ತಾರ್ರಿ, ವರ್ಷಕ್ಕೊಮ್ಮಿ. ಟೊಪ್ಪಿಗಿ ಹಾಕ್ಕೊಂಡು ಒಂದೊಂದ್ ಬಾಟ್ಲಿ ಎತ್ತತಾರ, ಫೋಟೋ ಆದಮ್ಯಾಲ ಅಲ್ಲೇ ಇಡ್ತಾರ. ಚಲೋ ಹುಡ್ರು ಅದಾವ. ಯಾವೂ ತಂಟೆ ಮಾಡಂಗಿಲ್ಲ."

ಜಾಂಬಳವಾಡಿಯ ಮಕ್ಕಳು ಬೇಲಿ ಹಿಡಿದು ನಿಂತಿದ್ದರು. ಅವರ ಬೆರಳು ತಂತಿಯ ಮೇಲೆ ಚಡಪಡಿಸುವುದನ್ನು ಸಲೋಮಿ ನೋಡಿದರು. ತಮ್ಮ ಬಾವಿಯೂ ಹೀಗೇ ಆಗುತ್ತದೆ, ಅದೂ ತಮ್ಮದೇ ಅರ್ಜಿಯಿಂದ ಎಂದು ಅವರಿಗೆ ಹೊಳೆಯಿತು. ಗೋಡೆ ಕಟ್ಟಿದರೂ ಅದರೊಳಗೆ ಕಸವನ್ನೇ ಕಾಯಬೇಕು. ಕಟ್ಟದಿದ್ದರೆ ಮಳೆ ಕಾಯುತ್ತಿದೆ. ಮೇ ತಿಂಗಳ ಹತ್ತನೆಯ ತಾರೀಖಾಗಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಸಲೋಮಿ ಖುರ್ಷಿದ ಬೇಗಂ ಅವರ ಪಕ್ಕದ ಸೀಟಿಗೆ ಹೋಗಿ ಕೂತರು. ಆಮೇಲೆ ಮೆಲ್ಲಗೆ ಕೇಳಿದರು: "ಬೇಗಂಸಾಹೇಬ, ಬಾವಿ ಇಂತಿಷ್ಟು ವರ್ಷ ಹಳೇದಿರಬೇಕಂತ ಕೈಪಿಡಿಯಾಗ ಅದ ಏನ್ರಿ?"

"ಹಂಗೇನಿಲ್ಲರಿ."

"ಹಾಳಾಗಿ ಎಷ್ಟು ದಿನಾ ಆಗಿರಬೇಕಂತ?"

"ಅದೂ ಇಲ್ಲ." ಖುರ್ಷಿದ ಬೇಗಂ ಕಿಟಕಿಯಿಂದ ಮುಖ ತಿರುಗಿಸಿ ಸಲೋಮಿಯವರನ್ನು ದಿಟ್ಟಿಸಿದರು. "ಯಾಕ ಕೇಳ್ತೀರಿ?"

"ಸಾಲಿ ಹಿಂದ ಖುಲ್ಲಾ ಜಾಗಾ ಅದ್ರಿ. ಅಲ್ಲಿ ಹೊಸಾದಾಗಿ ಒಂದು ಹಾಳುಬಾವಿ ಕಟ್ಟಿದ್ರ?"

ಬೇಗಂ ಅವರು ಚೀಲದಿಂದ ಸೋಂಪಿನ ಡಬ್ಬಿ ತೆಗೆದು ಸಲೋಮಿಯವರ ಅಂಗೈಗೆ ಒಂದು ಚಿಟಿಕೆ ಹಾಕಿ, "ಮೇಡಂ, ನೀವು ಸಾಲಿಯಾಗ ಯಾಕ ಇದ್ದೀರಿ? ಸೆಕ್ರೆಟೇರಿಯಟ್‌ನಾಗ ಇರಬೇಕಿತ್ತು," ಎಂದರು. ಇದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಿಂದ ಆ ಮೊದಲು ಬಂದಿರಲಿಲ್ಲ. ಸಲೋಮಿಯವರಿಗೆ ಹೆಮ್ಮೆ ಎನಿಸಿತು. ಹೆಮ್ಮೆ ಎನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಆಶೀಶರು ಕೈಪಿಡಿಯನ್ನು ಎರಡು ದಿನ ಹುಡುಕಿದರು. ಹೊಸ ಹಾಳುಬಾವಿಯನ್ನು ನಿಷೇಧಿಸುವ ಒಂದು ಸಾಲೂ ಸಿಗಲಿಲ್ಲ. ಅನುದಾನದ ಹದಿನಾಲ್ಕು ಬಾಬತ್ತುಗಳಲ್ಲಿ ಬ್ಯಾನರು, ಟೊಪ್ಪಿಗೆ, ಕೈಚೀಲ, ಹಾರತುರಾಯಿ ಎಲ್ಲ ಇದ್ದವು. ದುರಸ್ತಿ ಎಂಬುದು ಎಲ್ಲೂ ಇರಲಿಲ್ಲ, ಆದರೆ 'ನಿರ್ಮಾಣ' ಇತ್ತು. ಮಂಜೂರಾತಿ ಬಂತು: 'ಜಾಂಬಳವಾಡಿ ಗ್ರಾಮದಲ್ಲಿ ಒಂದು ನೂತನ ಹಾಳುಬಾವಿ ನಿರ್ಮಾಣ. ಗೌಂಡಿ ಕೆಲಸ: ಹದಿನೈದು ದಿನ.'

ಗೌಂಡಿ ಅಮೋಲ್ ಕಮಲನಗರದವನು. ಮರಾಠಿ ಬೆರೆತ ಕನ್ನಡ. ಎಂಟು ಅಡಿ ಆಳದ ಹೊಂಡ ತೋಡಿಸಿ ನಾಲ್ಕು ದಿನದಲ್ಲಿ ಗೋಡೆ ಎಬ್ಬಿಸಿದ. ತಾಂತ್ರಿಕ ಪರಿಶೀಲನೆಗೆ ಬಂದ ಇಂಜಿನಿಯರು ತೂಗುಗುಂಡು ಬಿಟ್ಟು ನೋಡಿ ತಲೆ ಅಲ್ಲಾಡಿಸಿದರು. ಗೋಡೆ ನೆಟ್ಟಗಿತ್ತು.

"ಜರಾ ಸೊಟ್ಟ ಕಟ್ಟೋ ಅಮೋಲ್," ಎಂದರು ಸಲೋಮಿ.

ಅಮೋಲ್ ಕರಣಿ ಕೆಳಗಿಟ್ಟ. "ಬಾಯಿ, ಸೊಟ್ಟ ಕಟ್ಟೂದು ನಮ್ಮ ಕೈಗಿ ಬರೂದಿಲ್ರಿ. ನಮ್ಮಪ್ಪಾ ಕಲಸ್ಲಿಲ್ಲ."

ಅದಕ್ಕೆ ಮಲ್ಲೇಶ್ವರಿಯನ್ನು ಕರೆಸಬೇಕಾಯಿತು. ಅವಳು ಹಳೆಯ ಬಾವಿಯ ಗೋಡೆಯನ್ನು ಮೂರು ವರ್ಷ ನೋಡಿದ್ದಳು. ಎಲ್ಲಿ ಹೊಟ್ಟೆ, ಎಲ್ಲಿ ಬಿರುಕು, ಯಾವ ಕಲ್ಲು ಹೊರಗೆ, ಎಲ್ಲ ಕಣ್ಣಿಗೆ ಕಟ್ಟಿತ್ತು. ನೆಲದ ಮೇಲೆ ಬರೆದು ತೋರಿಸಿದಳು. ಅಮೋಲ್ ಕಣ್ಣು ಮುಚ್ಚಿಕೊಂಡು, ದೇವರ ಹೆಸರು ಹೇಳಿ, ಒಂದು ದಿನದಲ್ಲಿ ಸೊಟ್ಟ ಮಾಡಿದ. ಆರನೆಯ ದಿನ ಬೆಳಿಗ್ಗೆ ಹೊಸ ಬಾವಿ ಶೇಕಡಾ ಅರವತ್ತೊಂದು ಹಾಳಾಗಿದೆ ಎಂದು ಇಂಜಿನಿಯರು ಸಹಿ ಮಾಡಿದರು.

ಉಳಿದ ಹತ್ತು ದಿನ ಅಮೋಲ್ ಎಲ್ಲಿದ್ದನೆಂದು ಕಡತದಲ್ಲಿಲ್ಲ. ಊರಿನವರಿಗೆ ಗೊತ್ತಿತ್ತು. ಮೆಟ್ಟಿಲಬಾವಿಯ ಪೂರ್ವದ ಗೋಡೆಯನ್ನು ಮೇಲಿನಿಂದ ಕಳಚಿ, ಕಲ್ಲಿಗೆ ಗುರುತು ಹಾಕಿ, ಮತ್ತೆ ಒಂದೊಂದಾಗಿ ಕೂರಿಸುತ್ತಿದ್ದ. ಮಡೆಪ್ಪನ ಜೊತೆ ಇನ್ನೂ ನಾಲ್ಕು ಕುರಿಗಾರರು ಕಲ್ಲು ಹೊತ್ತರು. ಮಡೆಪ್ಪನ ಹೆಂಡತಿ ಸಖುಬಾಯಿ ದಿನಾ ಎಲ್ಲರಿಗೂ ಜೋಳದ ರೊಟ್ಟಿ, ಹಿಂಡಿ ಚಟ್ನಿ ತಂದಳು. ಸಲೋಮಿಯವರಿಗೂ ಮಡೆಪ್ಪನಿಗೂ ಅಷ್ಟು ದಿನ ಮಾತಿರಲಿಲ್ಲ. ಒಂದು ಮಧ್ಯಾಹ್ನ ಸಖುಬಾಯಿ, "ನೀವೂ ತಗೋರಿ ಟೀಚರ್, ಅಂವಾ ಸಿಟ್ಟಿಲೆ ಇಲ್ಲ, ಹ್ಯಾಂಗ ಮಾತಾಡ್ಬೇಕಂತ ಗೊತ್ತಾಗವಲ್ದು ಅವಂಗ," ಎಂದು ರೊಟ್ಟಿ ಕೈಗಿಟ್ಟಳು.

ಜೂನ್ ನಾಲ್ಕರಂದು ಮಧ್ಯಾಹ್ನ ಎರಡನೆಯ ಪಿರಿಯಡ್ಡು ನಡೆದಿದ್ದಾಗ ಮಳೆ ಬಂತು. ತಗಡಿನ ಮೇಲೆ ಕಲ್ಲು ಸುರಿದಂಥ ಮಳೆ. ಸಲೋಮಿಯವರು ಸೀಮೆಸುಣ್ಣ ಕೈಯಲ್ಲಿ ಹಿಡಿದುಕೊಂಡೇ ನಿಂತರು, ತರಗತಿಗೆ ಏನು ಹೇಳುತ್ತಿದ್ದೆನೆಂಬುದು ಮರೆತುಹೋಯಿತು. ಮಳೆ ಸಣ್ಣಗಾದ ಕೂಡಲೇ ಬಾವಿಯ ಕಡೆ ನಡೆದರು, ಆಮೇಲೆ ಓಡಿದರು. ಮಡೆಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು ದಂಡೆಯ ಮೇಲೆ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಿಂತದ್ರಿ ಟೀಚರಬಾಯಿ," ಎಂದ. "ಒಂದ್ ಕಲ್ಲ ಅಲಗಾಡಿಲ್ಲ."

ಮಡೆಪ್ಪ ಕಂಬಳಿ ತೆಗೆದು ಅವರಿಗೆ ಕೊಟ್ಟ. ಕಂಬಳಿ ಪೂರ್ತಿ ತೊಯ್ದಿತ್ತು, ಆದರೂ ಹೊದ್ದುಕೊಂಡರು.

ಇಷ್ಟಕ್ಕೆ ಕತೆ ಮುಗಿಯಬಹುದಿತ್ತು. ಆದರೆ ಯೋಜನೆಗಳು ಕೆಲಸ ಮುಗಿಯಿತೆಂದು ಮುಗಿಯುವುದಿಲ್ಲ.

ಜುಲೈಯಲ್ಲಿ ನೂತನ ಹಾಳುಬಾವಿಯ ಉದ್ಘಾಟನೆ ಗಡದ್ದಾಗಿ ನಡೆಯಿತು. ಮುಖ್ಯ ಅತಿಥಿಗಳು ಮೊದಲ ಬಾಟಲಿಯನ್ನು ಎತ್ತಿದರು. ಮಕ್ಕಳು ಉಳಿದದ್ದನ್ನು ಎತ್ತಿದರು. ಈ ಸಲ ಅನುಮತಿ ಇದ್ದುದರಿಂದ ಯಾರೂ ತಡೆಯಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಹೊಂಡ ಖಾಲಿಯಾದದ್ದನ್ನು ಕಂಡು ತರಬೇತಿಯ ಪರಿಣಾಮವೆಂದು ಅತಿಥಿಗಳು ಮೆಚ್ಚಿದರು. ಮಲ್ಲೇಶ್ವರಿಗೆ ಪ್ರಮಾಣಪತ್ರ ಸಿಕ್ಕಿತು: 'ಸಂರಕ್ಷಣೆಯಲ್ಲಿ ಯಾವುದೇ ಪೂರ್ವಾನುಭವ ಇಲ್ಲದಿದ್ದಾಗ್ಯೂ ಮೂರು ದಿನಗಳ ತರಬೇತಿಯಿಂದ ಈಕೆ ತೃಪ್ತಿಕರ ಪ್ರಗತಿ ತೋರಿರುತ್ತಾಳೆ.' ಅವಳು ಅದನ್ನು ಎರಡು ಸಲ ಓದಿ, ಮಡಚಿ, ಕಪ್ಪೆಗಳ ನೋಟುಬುಕ್ಕಿನೊಳಗೆ ಇಟ್ಟಳು.

ಯೋಜನೆ ಮೂರು ವರ್ಷದ್ದು. ಆದ್ದರಿಂದ ಹೊಂಡವನ್ನು ಮೂರು ತಿಂಗಳಿಗೊಮ್ಮೆ ಹಾಳುಮಾಡಿ, ಮೂರು ತಿಂಗಳಿಗೊಮ್ಮೆ ಉಳಿಸಬೇಕಾಯಿತು. ಭಾಲ್ಕಿಯಿಂದ ಕಸ ಬರುತ್ತಿತ್ತು, ಮಕ್ಕಳು ತೆಗೆಯುತ್ತಿದ್ದರು, ಅದೇ ಕಸ ಅದೇ ಟ್ರಾಕ್ಟರಿನಲ್ಲಿ ವಾಪಸು ಹೋಗಿ ಮುಂದಿನ ಸಲ ಹೊಸ ಬಿಲ್ಲಿನೊಂದಿಗೆ ಬರುತ್ತಿತ್ತು. ಟ್ರಾಕ್ಟರಿನವನಿಗೂ ಮಕ್ಕಳಿಗೂ ಕೆಲವು ಬಾಟಲಿಗಳ ಮುಖಪರಿಚಯವಾಗಿತ್ತು. ಮೆಟ್ಟಿಲಬಾವಿಯನ್ನು ಯಾರೂ ಕೇಳಲಿಲ್ಲ. ಆಟದ ಪಿರಿಯಡ್ಡಿನಲ್ಲಿ ಮಕ್ಕಳು ಅಲ್ಲಿಗೆ ಇಳಿದು ಆಳ ಅಳೆದರೆ ಅದು ಆಟವೆಂದೇ ದಾಖಲಾಗುತ್ತಿತ್ತು.

ಒಂದೇ ಅಡಚಣೆ: ಸುದ್ದಿ ಹರಡಿತು. ಸುತ್ತಲಿನ ಊರಿನವರು, ಜಾಂಬಳವಾಡಿಗೆ ಹಾಳುಬಾವಿ ಕೊಟ್ಟ ಸರ್ಕಾರ ನಮಗೇಕೆ ಕೊಟ್ಟಿಲ್ಲ, ನಾವೇನು ಪಾಪ ಮಾಡಿದ್ದೇವೆ ಎಂದು ಕೇಳತೊಡಗಿದರು. ಹಲಬರ್ಗಾದ ತವರಿನವರು ಲಲಿತಾಬಾಯಿಯ ಮನೆಗೆ ಬಂದು, ನಿಮ್ಮ ಹಾಳುಬಾವಿ ಎಷ್ಟು ಚಂದ ಅದ ಎಂದು ಹೊಗಳಿ ಹೋದರು. ಅದಾದ ಮೇಲೆ ಅವರು ಗ್ರಾಮಸಭೆ ಕರೆದು, ಊರಿನ ಮೂರು ಓಣಿಗೂ ಒಂದೊಂದು ಹಾಳುಬಾವಿ ಬೇಕೆಂಬ ಠರಾವು ಮಂಡಿಸಿದರು. ಆಶೀಶರು ಬಂದಿದ್ದರು. ಖುರ್ಷಿದ ಬೇಗಂ ಅವರು ಬಂದಿದ್ದರು. ಕಸವನ್ನು ಓಣಿವಾರು ಹಂಚುವ ಬಗ್ಗೆ ಅರ್ಧ ಗಂಟೆ ಚರ್ಚೆಯಾಯಿತು. ನಮ್ಮ ಓಣಿಗೆ ಬರೀ ಚಿಂದಿ ಬರುತ್ತದೆ, ಬಾಟಲಿ ಎಲ್ಲ ಮೇಲಿನ ಓಣಿಗೆ ಹೋಗುತ್ತದೆ ಎಂದು ಕೆಳಗಿನ ಓಣಿಯವರು ಕೂಗಿದರು. ಸಮಾನ ಹಂಚಿಕೆಯ ಭರವಸೆ ಕೊಡಲಾಯಿತು.

"ಯಾರದರ ವಿರೋಧ ಅದ ಏನ್ರಿ?" ಎಂದು ಲಲಿತಾಬಾಯಿ ಕೇಳಿದರು.

ಹಿಂದಿನ ಸಾಲಿನಿಂದ ಸಲೋಮಿಯವರು ಎದ್ದು ನಿಂತರು. ಎಲ್ಲರೂ ತಿರುಗಿ ನೋಡಿದರು. ಟೀಚರು ಸತ್ಯ ಹೇಳುವವರೆಂದು ಊರಿಗೆಲ್ಲ ಗ್ಯಾರಂಟಿಯಿತ್ತು.

"ನಂದೊಂದು ವಿನಂತಿ ಅದ್ರಿ," ಎಂದರು ಸಲೋಮಿ. "ಕಸಾ ಸೋಮವಾರ ಕಳಸಬ್ಯಾಡ್ರಿ. ಸೋಮವಾರ ಹತ್ತನೇತ್ತಿಗಿ ಗಣಿತ ಟೆಸ್ಟ್ ಅದ. ಬುಧವಾರ ಕಳಸ್ರಿ."

ಆಶೀಶರು ಬರೆದುಕೊಂಡರು. ಠರಾವು ಸರ್ವಾನುಮತದಿಂದ ಪಾಸಾಯಿತು. ಬುಧವಾರ ಕಸ ಬಂತು.